ಉಪವಾಸದ ತಾಕಿಗೆ ಕುರಿ ಮಂದೆ ಬಿದ್ದ ವರ್ಷ

ಬೆಳಿಗ್ಗೆ ಗೇಟು ದಾಟುವಾಗಲೇ ಕುರಿ ವಾಸನೆ ಮೂಗಿಗೆ ಹೊಡೆಯಿತು. ನಮ್ಮ ಜಮೀನಿನಲ್ಲಿ ಕುರಿ ಇಲ್ಲ, ಇರಲೂಬಾರದು. ಸೈಕಲ್ಲನ್ನು ಪಂಪ್ ಮನೆಗೆ ಒರಗಿಸಿ ಬದುವಿನ ಮೇಲೆ ಓಡಿದೆ. ನನ್ನ ವಯಸ್ಸಿನಲ್ಲಿ ಓಡುವುದು ಅಂದರೆ ಬಿರಬಿರನೆ ನಡೆಯುವುದು, ಅಷ್ಟೆ. ರಸ್ತೆ ಪಕ್ಕದ ತಾಕಿನಲ್ಲಿ ಒಬ್ಬ ಕುರಿಯವನು ಗೂಟ ಕಿತ್ತು, ಕುರಿಗಳ ಸುತ್ತ ಕಟ್ಟಿದ್ದ ಬಲೆಯನ್ನು ಸುತ್ತುತ್ತಿದ್ದ. ಮಂದೆ ಆಗಲೇ ಎದ್ದು ನಾಲೆ ಏರಿಯ ಕಡೆ ತಿರುಗಿತ್ತು.

"ಬಾ ಅಣ್ಣ," ಅಂದ ನನ್ನನ್ನು ಕಂಡು. "ಕೂಳೆ ನೋಡುದ್ರೇ ಗೊತ್ತಾಯ್ತದೆ ಬುಡು, ಈ ಮಡಿ ಗೊಬ್ರದ್ ಮೊಕಾನೇ ಕಂಡಿಲ್ಲ. ಅಯ್ಯೋ ಪಾಪ ಅನ್ನುಸ್ತು. ಅದ್ಕೇ ಬೇರೆ ಕಡೆ ಬುಟ್ಟು ಇಲ್ಲೇ ಮಂದೆ ಆಕ್ದೆ."

"ಇಲ್ಲೇ ಆಕು ಅಂತ ಯಾರಯ್ಯ ಏಳಿದ್ದು ನಿಂಗೆ?"

"ಯಾರಾದ್ರೂ ಏಳ್ಬೇಕಾ? ನಂಗೇನ್ ಕಣ್ಣಿಲ್ವಾ? ಕಾಸೂ ಬ್ಯಾಡ, ರಾಗೀನೂ ಬ್ಯಾಡ. ಒಂದ್ ಲೋಟ ಕಾಪಿ ಕುಡ್ಸು, ಸಾಕು."

"ನಿನ್ ಉಪ್ಕಾರದಿಂದ ನನ್ ತಾಕು ಆಳಾಗೋಯ್ತು ಕಣಯ್ಯ!"

ಅವನು ಬಲೆ ಸುತ್ತುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಗೊಬ್ರ ಬಿದ್ರೆ ಬೂಮಿ ಆಳಾಯ್ತದಾ? ಬೆಳಿಗ್ಗೇನೇ ಏರಿಸ್ಕೊಂಡ್ ಬಂದಿದ್ದೀಯಾ ಎಂಗೆ?"

ಅವನದು ತಪ್ಪಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಮಂದೆ ಬಂತು ಅಂದರೆ ರೈತರು ಕುರಿಯವನನ್ನು ಕಾಡಿ ಬೇಡಿ ಗದ್ದೆಗೆ ಕರೆಯುತ್ತಾರೆ. ಇವತ್ತು ನಮ್ಮದಕ್ಕೆ, ನಾಳೆ ನಿಮ್ಮದಕ್ಕೆ ಅಂತ ಸರದಿ ಹಚ್ಚಿ, ರಾಗಿ ಅಳೆದು ಕೊಟ್ಟು, ಊಟ ಹಾಕಿ ಕಳಿಸುತ್ತಾರೆ. ಮಂದೆ ತಾನಾಗಿ ಬಂದು ಪುಕ್ಕಟೆ ಮಲಗಿತು ಅಂದರೆ ಅದು ಆ ಗದ್ದೆಯವನ ಪುಣ್ಯ. ಚರಂಡಿ ಹೂಳು ತೆಗೆಯುವ ಯಂತ್ರಕ್ಕೆ ದಾರಿ ಬಿಡಲು ನಾವು ಒಂದು ಕಡೆ ಬೇಲಿ ಬಿಚ್ಚಿದ್ದೆವು. ಅಲ್ಲಿಂದ ಮಂದೆ ಒಳಗೆ ಬಂದಾಗ ನಮ್ಮ ಕಾವಲುಗಾರ ತಡೆಯಲಿಲ್ಲ. ಅವನು ಸೇರಿ ಕೆಲವೇ ತಿಂಗಳಾಗಿತ್ತು. ಜಮೀನಿಗೆ ಒಳ್ಳೆಯದು ಮಾಡಿದೆ ಅಂದುಕೊಂಡು, ತಾನೇ ಕುರಿಯವನ ಜೊತೆ ನಿಂತು ಗೂಟ ಹೊಡೆಸಿದ್ದ.

ಆ ತಾಕಿನ ವಿಚಾರ ಇಲ್ಲಿ ಹೇಳಬೇಕು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಪಕ್ಕದ ಒಂದು ಪ್ರಯೋಗದ ಜಮೀನಿನಲ್ಲಿ ನಾನು ಮೇಸ್ತ್ರಿ. ನಾನು ಸೇರುವುದಕ್ಕೆ ಎಷ್ಟೋ ವರ್ಷ ಮುಂಚಿನಿಂದ ಅಲ್ಲಿ ಒಂದೇ ಪ್ರಯೋಗ ನಡೆಯುತ್ತಿದೆ. ಮಳೆಗಾಲಕ್ಕೆ ಭತ್ತ, ಬೇಸಿಗೆಗೆ ರಾಗಿ. ಯಾವ ತಾಕಿಗೆ ಏನು ಗೊಬ್ಬರವೋ ಪ್ರತಿ ವರ್ಷ ಅದಕ್ಕೆ ಅದೇ. ಒಂದಕ್ಕೆ ಬರೀ ಯೂರಿಯಾ. ಇನ್ನೊಂದಕ್ಕೆ ಯೂರಿಯಾ, ಸೂಪರ್ ಫಾಸ್ಫೇಟ್, ಪೊಟ್ಯಾಷ್ ಮೂರೂ. ಮತ್ತೊಂದಕ್ಕೆ ಆ ಮೂರರ ಜೊತೆ ಕೊಟ್ಟಿಗೆ ಗೊಬ್ಬರ. ಕೊನೆಯದಕ್ಕೆ ಏನೂ ಇಲ್ಲ. ಬೀಜ, ನೀರು, ಕಳೆ ಕೀಳುವುದು, ಅಷ್ಟೇ. ಆಳುಗಳು ಅದಕ್ಕೆ ಉಪವಾಸದ ತಾಕು ಅಂತ ಹೆಸರಿಟ್ಟಿದ್ದಾರೆ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆದರೆ ಈ ತಾಕುಗಳನ್ನು ಕಣ್ಣು ಮುಚ್ಚಿಕೊಂಡು ಬರಿಗಾಲಲ್ಲಿ ತುಳಿದು, ಯಾವುದು ಯಾವುದು ಅಂತ ಹೇಳಬಲ್ಲೆ. ಕೊಟ್ಟಿಗೆ ಗೊಬ್ಬರದ ತಾಕಿನಲ್ಲಿ ಹೆಜ್ಜೆ ಮೆತ್ತಗೆ ಇಳಿಯುತ್ತದೆ, ಸನಿಕೆ ಹಾಕಿದರೆ ಎರೆಹುಳು ಸಿಗುತ್ತವೆ. ಮೂರೂ ಗೊಬ್ಬರ ಉಣ್ಣುವ ತಾಕು ಬೆಳೆ ಕೊಡುತ್ತದೆ, ಆದರೆ ಈಚೀಚೆಗೆ ಎಳೆ ಎಲೆಯಲ್ಲಿ ಬಿಳಿ ಪಟ್ಟೆ ಕಾಣುತ್ತಿದೆ. ಸತು ಕಮ್ಮಿಯಾಗಿದೆ ಅನ್ನುತ್ತಾರೆ. ಬರೀ ಯೂರಿಯಾದ್ದು ನಾನು ಸೇರಿದ ಹೊಸದರಲ್ಲಿ ಕಡು ಹಸಿರು ಹೊಡೆಯುತ್ತಿತ್ತು. ನೋಡುನೋಡುತ್ತ ಹಿಂದೆ ಬಿತ್ತು. ಈಗ ಅದರ ಮಣ್ಣು ಹುಳಿಯಾಗಿದೆ, ಒಣಗಿದರೆ ಅಟ್ಟೆ ಕಟ್ಟಿದ ಹಾಗೆ ಬಿರುಸು. ಕೆಲವು ವರ್ಷ ರಾಗಿ ಅಲ್ಲಿ ಉಪವಾಸದ ತಾಕಿಗಿಂತ ಕೀಳಾಗಿ ಬರುತ್ತದೆ. ಇದನ್ನು ನೋಡಿದ ರೈತರು ನಂಬುವುದೇ ಇಲ್ಲ. ಪಕ್ಕದಲ್ಲಿ ಉಪವಾಸದ ತಾಕು ಇರುವುದರಿಂದಲೇ ಅವರಿಗೆ ತೋರಿಸಿ ನಂಬಿಸಲು ಆಗುವುದು. ಅದು ಹೋದರೆ ಮಿಕ್ಕ ತಾಕುಗಳನ್ನು ಯಾವುದರ ಎದುರಿಗೆ ಇಟ್ಟು ನೋಡುವುದು? ಬೇರೆ ಕಡೆ ಹೊಸದಾಗಿ ಉಪವಾಸ ಶುರು ಮಾಡಿದರೆ ಅದು ಇವತ್ತಿನ ಉಪವಾಸವಾಯಿತೇ ಹೊರತು ಅಷ್ಟು ವರ್ಷದ್ದಲ್ಲ.

ಆದರೆ ಅದನ್ನು ಕಾಯುವುದು ಬೇಸಾಯಗಾರನಿಗೆ ಮರ್ಯಾದೆಯ ಕೆಲಸವಲ್ಲ. ರಸ್ತೆಗೆ ಹತ್ತಿರ ಇರುವುದು ಅದೇ. ಬಸ್ಸಿನಲ್ಲಿ ಹೋಗುವವರೆಲ್ಲ ಆ ಹಳದಿ ಪೈರನ್ನೇ ನೋಡುತ್ತಾರೆ. ಹೊಳಲಿನಲ್ಲಿರುವ ನನ್ನ ಭಾವಮೈದ ಪ್ರತಿ ಹಬ್ಬಕ್ಕೂ ಎಲೆ ಮುಂದೆ ಕೂತು ಎಲ್ಲರಿಗೂ ಕೇಳುವ ಹಾಗೆ, "ಗೌರ್ಮೆಂಟ್ ಗೊಬ್ರಾನೆಲ್ಲ ಯಾವ್ ಅಂಗ್ಡೀಗ್ ಮಾರ್ಕಂಡೆ ಭಾವ?" ಅನ್ನುತ್ತಾನೆ. ನಾನು ನನ್ನ ಸ್ವಂತ ಗದ್ದೆಯಲ್ಲಿ ಬೆಳೆಯುವಂಥ ಭತ್ತವನ್ನು ನಮ್ಮೂರಲ್ಲಿ ಯಾರೂ ಬೆಳೆಯುವುದಿಲ್ಲ. ಅದನ್ನು ಅವನು ಆಡುವುದಿಲ್ಲ.

ಮೇಡಂಗೆ ಫೋನ್ ಮಾಡಿದೆ. ಪ್ರಯೋಗ ಅವರ ಜವಾಬ್ದಾರಿಯಲ್ಲಿತ್ತು. ಮಂಡ್ಯದಿಂದ ಅವರು ಬರುವಷ್ಟರಲ್ಲಿ ಹೆಣ್ಣಾಳುಗಳನ್ನು ಕರೆದು ತೆಂಗಿನ ಕಡ್ಡಿ ಪೊರಕೆಯಲ್ಲಿ ಹಿಕ್ಕೆ ಗುಡಿಸಲು ಹಚ್ಚಿದೆ. ಮಣ್ಣು ಏಳದ ಹಾಗೆ ಗುಡಿಸಬೇಕು, ಗುಡಿಸಿದ್ದನ್ನು ಮಂಕರಿಗೆ ತುಂಬಿ ಬೇಲಿ ಆಚೆ ಹಾಕಬೇಕು. ಕೂಳೆ ಸಂದಿಯಲ್ಲಿ ಸಿಕ್ಕಿಕೊಂಡದ್ದನ್ನು ಕೈಯಲ್ಲಿ ಆಯಬೇಕು.

"ಮೇಸ್ತ್ರಣ್ಣ, ಭತ್ತದಲ್ ಕಲ್ ಆಯ್ದಿವ್ನಿ, ಅಕ್ಕೀಲ್ ಉಳ ಆಯ್ದಿವ್ನಿ, ಕುರಿ ಇಕ್ಕೆ ಆಯೋ ಯೋಗ ಇದೇ ಮೊದ್ಲು," ಅಂದಳು ಆಳುಗಳಲ್ಲಿ ಹಿರಿಯಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. "ಇಷ್ಟ್ ಒಳ್ಳೆ ಗೊಬ್ರ! ನಮ್ ಇತ್ಲಿಗಾದ್ರೂ ಆಕ್ಕೊಳನಾ?"

"ಒತ್ಕೊಂಡ್ ಓಗವ್ವ. ಇಲ್ಲಿ ಒಂದ್ ಕಾಳೂ ಉಳೀಬಾರ್ದು."

ಮೇಡಂ ಬಂದು ತಾಕಿನ ಸುತ್ತ ಒಂದು ಸುತ್ತು ನಡೆದರು. ಬಲೆ ಹಾಕಿದ್ದು ತಾಕಿನ ಪಡುವಲ ಅರ್ಧದಲ್ಲಿ. ಗೂಟದ ತೂತುಗಳು ಇನ್ನೂ ಹಾಗೇ ಇದ್ದವು. ಆ ಗೆರೆ ಒಳಗೆ ನೆಲ ಅಲ್ಲಲ್ಲಿ ಒದ್ದೆಯಾಗಿ ಕಪ್ಪಗಿತ್ತು.

"ಮೇಲ್ಗಡೆ ಮಣ್ಣು ಒಂದ್ ಬೆರಳ್ನಷ್ಟು ಕೆರೆದ್ ತಗ್ದ್ ಬುಡ್ಲಾ ಮೇಡಮ್ಮೋರೆ? ಸಂಜೆ ಒಳ್ಗೆ ಕ್ಲೀನ್ ಮಾಡ್ಕೊಡ್ತೀನಿ," ಅಂದೆ. ಕೊಳೆಯಾದ ಜಾಗವನ್ನು ಕೆರೆದು ಎಸೆದರೆ ಮುಗಿಯಿತು ಅಂತಲೇ ನನ್ನ ಲೆಕ್ಕ.

"ಬೇಡ ಮೇಸ್ತ್ರಿ," ಅಂದರು ಅವರು. "ನಮಗೆ ಬೇಕಾಗಿರೋದೇ ಆ ಮೇಲಿನ ಮಣ್ಣು. ಇಷ್ಟು ವರ್ಷ ಈ ನೆಲ ಏನು ಕಳಕೊಂಡಿದೆ ಅನ್ನೋದೆಲ್ಲ ಅದರಲ್ಲೇ ಇರೋದು. ಅದನ್ನ ಕೆರೆದುಬಿಟ್ಟರೆ ಕುರಿ ಮಾಡಿದ್ದಕ್ಕಿಂತ ದೊಡ್ಡ ಅನಾಹುತ ನಾವೇ ಮಾಡಿದ ಹಾಗೆ."

"ಇಕ್ಕೆ ಎಲ್ಲಾ ತಗ್ದಿದ್ದೀವಲ್ಲ ಮೇಡಮ್ಮೋರೆ."

"ಹಿಕ್ಕೆ ತೆಗೀಬಹುದು. ಮೂತ್ರ ಇಂಗಿಹೋಗಿದೆ. ಸಾರಜನಕ, ಪೊಟ್ಯಾಷ್ ಹೆಚ್ಚಾಗಿರೋದು ಅದರಲ್ಲೇ."

ಬೆನ್ನು ಬಗ್ಗಿಸಿ ಗುಡಿಸಿದ್ದು ನೀರಲ್ಲಿ ಹೋಮ ಮಾಡಿದ ಹಾಗಾಗಿತ್ತು. ಅಷ್ಟು ಹೊತ್ತಿಗೆ ತೆಂಕಣ ದಿಕ್ಕಿನಲ್ಲಿ ಮೋಡ ಕಟ್ಟಿತು. ಬೇಸಿಗೆ ಮಳೆ ಒಂದು ಹದ ಬಿದ್ದರೂ ಸಾಕು, ಇಂಗಿದ್ದು ಕರಗಿ ತಾಕಿನ ಉಳಿದ ಅರ್ಧಕ್ಕೂ ಹರಡುತ್ತಿತ್ತು. ಗೂಟದ ತೂತುಗಳ ಉದ್ದಕ್ಕೂ ದಾರ ಹಿಡಿದು, ತಾಕಿನ ನಡುವೆ ಒಂದು ಬದು ಏರಿಸಲು ಶುರು ಮಾಡಿದೆವು. ಬದುವಿಗೂ ಒಳಗಿನ ಮಣ್ಣು ಬಳಸುವ ಹಾಗಿಲ್ಲ. ಹೊರಗಿನ ದಾರಿಯಿಂದ ಕೆಂಪು ಮಣ್ಣು ಹೊತ್ತು ತರಬೇಕು. ಕಾವಲುಗಾರ ಯಾರೂ ಹೇಳದೆ ಮಂಕರಿ ಹೊತ್ತ. ಅವನ ಮುಖ ನೋಡುವಂತಿರಲಿಲ್ಲ. ಮಳೆ ಬಿತ್ತು, ಪುಣ್ಯಕ್ಕೆ ಬದು ಎದ್ದ ಮೇಲೆ ಬಿತ್ತು.

ಆಮೇಲೆ ಮಣ್ಣು ತೆಗೆಯುವ ಕೆಲಸ. ಬದುವಿನ ಎರಡೂ ಕಡೆ ಬೇರೆ ಬೇರೆಯಾಗಿ, ಹಾವು ಹರಿದ ಹಾಗೆ ಅಂಕುಡೊಂಕಾಗಿ ನಡೆದು ಜಾಗ ಆರಿಸಬೇಕು. ಮೇಲಿನ ಕಸ ಸರಿಸಿ ಗೇಣುದ್ದ ಗುಂಡಿ ತೆಗೆದು, ಅದರ ಒಂದು ಮೈಯಿಂದ ಬೆರಳು ದಪ್ಪದ ಪದರವನ್ನು ಮೇಲಿಂದ ಬುಡದವರೆಗೆ ಒಂದೇ ಸಮ ಕತ್ತರಿಸಿ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಬೇಕು. ಎಲ್ಲ ಗುಂಡಿಯ ಮಣ್ಣನ್ನೂ ಬೆರೆಸಿ, ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡಿ, ಉಳಿದದ್ದನ್ನು ಮತ್ತೆ ಬೆರೆಸಿ ಮತ್ತೆ ಪಾಲು ಮಾಡಬೇಕು. ಕೊನೆಗೆ ಉಳಿದ ಬೊಗಸೆಯಷ್ಟನ್ನು ನೆರಳಲ್ಲಿ ಒಣಗಿಸಿ, ಮರದ ಕೊಡತಿಯಲ್ಲಿ ಕುಟ್ಟಿ, ಜರಡಿ ಹಿಡಿಯುವುದು. ಕಾವಲುಗಾರ ಒಣಗಿಸಲು ಅಂತ ಯೂರಿಯಾದ ಖಾಲಿ ಚೀಲ ಹಾಸಿಬಿಟ್ಟಿದ್ದ. ನಾನು ನೋಡದೆ ಹೋಗಿದ್ದರೆ ಅಷ್ಟೂ ಕೆಲಸ ಮಣ್ಣುಪಾಲು.

"ಎಂಟ್ ಸತಿ ಒಗ್ದ್ ಇಟ್ಟಿದ್ದೆ ಕಣಣ್ಣ ಈ ಚೀಲವ," ಅಂದ ಅವನು ಅಳುವ ದನಿಯಲ್ಲಿ.

"ನೂರ್ ಸತಿ ಒಗುದ್ರೂ ಅದು ಯೂರಿಯಾ ಚೀಲಾನೇ ಕಣ್ಲಾ. ಎತ್ತು."

ಮಣ್ಣಿನ ಪರೀಕ್ಷೆ ಮೇಡಂ ಹೇಳಿದ್ದನ್ನೇ ಹೇಳಿತು. ಪಡುವಲ ಅರ್ಧ ಕೆಟ್ಟಿತ್ತು, ಮೂಡಲ ಅರ್ಧ ಮೊದಲಿನ ಹಾಗೇ ಇತ್ತು. ಮೇಲಿನ ಕಚೇರಿಗೆ ಈ ಪ್ರಯೋಗವೇ ಹೊರೆಯಾಗಿತ್ತು. ತಾಕು ಕೆಟ್ಟಿದ್ದರೆ ಮುಚ್ಚಿಬಿಡಿ, ಅಲ್ಲಿ ಬೀಜದ ಭತ್ತ ಬೆಳೆಯೋಣ ಅಂತ ಫೋನಿನಲ್ಲಿ ಅಂದರಂತೆ. ಮೇಡಂ ಒಂದು ಮಧ್ಯಾಹ್ನ ಪಂಪ್ ಮನೆ ಜಗಲಿ ಮೇಲೆ ಕೂತು ನನ್ನನ್ನು ಕರೆದರು.

"ಒಂದು ದಾರಿ ಇದೆ ಮೇಸ್ತ್ರಿ. ಮೂಡಲ ಅರ್ಧವನ್ನೇ ಉಪವಾಸದ ತಾಕು ಅಂತ ಇಟ್ಟುಕೊಳ್ಳೋಣ. ಪಡುವಲ ಅರ್ಧಕ್ಕೂ ಏನೂ ಹಾಕದೆ ಬೆಳೆ ಇಡೋಣ. ಕುರಿ ಕೊಟ್ಟಿದ್ದನ್ನೆಲ್ಲ ಬೆಳೆಯೇ ತೆಗೆದುಕೊಂಡು ಮುಗಿಸೋವರೆಗೆ. ಎರಡು ಬೆಳೆ ಆಗಬಹುದು, ನಾಲ್ಕು ಆಗಬಹುದು. ಅಲ್ಲೀವರೆಗೆ ಎರಡಕ್ಕೂ ನೀರು ಬೇರೆ, ನಾಟಿ ಬೇರೆ, ಕುಯ್ಲು ಬೇರೆ, ತೂಕ ಬೇರೆ. ಒಂದು ಕಡೆ ನೀರು ಇನ್ನೊಂದು ಕಡೆ ಸೇರಬಾರದು. ನಿಮ್ಮ ಕೈಲಿ ಆಗುತ್ತೆ ಅಂದರೆ ನಾನು ಮೇಲಿನವರ ಹತ್ತಿರ ಜಗಳ ಆಡ್ತೀನಿ. ಆಗಲ್ಲ ಅಂದರೆ ಈಗಲೇ ಹೇಳಿಬಿಡಿ, ಮುಚ್ಚೋದಕ್ಕೆ ಒಪ್ಪಿಕೊಳ್ತೀನಿ. ಬೇಜಾರು ಮಾಡಿಕೊಳ್ಳಲ್ಲ."

ಆಗಲ್ಲ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಮಂಡಿ ಸವೆದಿದೆ, ಬೆಳಗಿನ ಹೊತ್ತು ಕೈಬೆರಳು ಮಡಿಸಲು ಬರುವುದಿಲ್ಲ. ಬೀಜದ ಭತ್ತ ಅಂದರೆ ಬಸ್ಸಿನವರು ಮೆಚ್ಚುವಂಥ ಪೈರು. ಭಾವಮೈದನ ಬಾಯಿಯೂ ಮುಚ್ಚುತ್ತಿತ್ತು. ಆದರೆ ಆ ತಾಕು ನನ್ನ ಕಾವಲಲ್ಲಿ ಇರುವಾಗ ಸತ್ತಿತು ಅನ್ನಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

"ಆಯ್ತದೆ ಬುಡಿ," ಅಂದೆ.

ಆ ಮಾತಿಗೆ ಆಮೇಲೆ ಎಷ್ಟು ಸಲ ನನ್ನನ್ನು ನಾನೇ ಬೈದುಕೊಂಡೆನೋ. ನಾಲೆ ನೀರು ನಮ್ಮ ಸರದಿಗೆ ಬಂದಾಗ ಎರಡು ಅರ್ಧಕ್ಕೂ ಎರಡು ಬಾಯಿ ತೆಗೆದು, ಒಂದು ತುಂಬಿದ ಮೇಲೆ ಮುಚ್ಚಿ, ಇನ್ನೊಂದನ್ನು ಬಿಡಬೇಕಿತ್ತು. ಕೆಸರು ತುಳಿಯುವಾಗ ಎತ್ತಿನ ಕಾಲಿಗೆ ಅಂಟಿದ ಮಣ್ಣೂ ಆ ಕಡೆಯಿಂದ ಈ ಕಡೆ ಬರಬಾರದು ಅಂತ, ಮೂಡಲ ಕಡೆ ಮುಗಿಸಿದ ಮೇಲೆಯೇ ಪಡುವಲಕ್ಕೆ ಇಳಿಸಿದೆ. ನಾಟಿ ಮಾಡುವ ಹೆಂಗಸರಿಗೂ ಅದೇ ಕಟ್ಟಳೆ.

"ಈ ಕಡೆಯಿಂದ್ ಆ ಕಡೀಕ್ ಓಗ್ಬೇಕಾದ್ರೆ ಕಾಲ್ ತೊಳ್ಕೊಂಡ್ ಓಗಿ," ಅಂದರೆ, ಹಿರಿಯಾಳು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಇದೇನ್ ಗದ್ದೇನೋ ದೇವ್ರ್ ಮನೆಯೋ? ಮಡೀಲೇ ನಾಟಿ ಆಕ್ಬೇಕು ಅನ್ನು ಇನ್ನ!"

ಪೈರು ಬೇರು ಹಿಡಿದ ಮೇಲೆ ನೋಡಬೇಕಿತ್ತು. ಪಡುವಲ ಅರ್ಧ ಕಡು ಹಸಿರು. ಮೂಡಲ ಅರ್ಧ ಎಂದಿನ ಹಾಗೆ ಹಳದಿ ತಿರುಗಿದ ಹುಲ್ಲಿನ ಬಣ್ಣ. ಬಲೆ ಎಲ್ಲಿಂದ ಎಲ್ಲಿಗೆ ಇತ್ತು ಅಂತ ರಸ್ತೆಯಲ್ಲಿ ನಿಂತವರಿಗೂ ಕಾಣುತ್ತಿತ್ತು. ಒಂದು ರಾತ್ರಿ ಮಲಗಿದ್ದ ಕುರಿಗಳು ಅಷ್ಟು ಮಾಡಿದ್ದವು. ಬಸ್ಸು ಇಳಿದ ರೈತರು ಬೇಲಿ ಹತ್ತಿರ ಬಂದು, "ಆ ಕಡೆ ಯಾವ್ ಗೊಬ್ರ ಕೊಟ್ರಿ ಯಜಮಾನ್ರೆ?" ಅಂತ ಕೇಳುತ್ತಿದ್ದರು. ನಾನು ಅಲ್ಲಿ ಕೆಲಸ ಮಾಡಿದಷ್ಟೂ ವರ್ಷದಲ್ಲಿ ಆ ತಾಕನ್ನು ಯಾರೂ ಹೊಗಳಿರಲಿಲ್ಲ. ಹೊಗಳಿದಾಗ ನನಗೆ ಅದು ಹುಣ್ಣಿನ ಮೇಲೆ ಕೈ ಇಟ್ಟ ಹಾಗಾಗುತ್ತಿತ್ತು.

ಪೈರಿಗೆ ಹೊಡೆ ಬಂದು ತೆನೆ ಒಡೆಯುವ ಮುಂಚೆ ಎರಡನೇ ಪೆಟ್ಟು ಬಿತ್ತು. ಮೂಡಲ ಅರ್ಧದಲ್ಲಿ, ನಡುವಿನ ಬದುವಿಗೆ ಒತ್ತಿಕೊಂಡು, ನಾಲಿಗೆ ಚಾಚಿದ ಹಾಗೆ ಒಂದು ಹಸಿರು ಪಟ್ಟೆ ಕಂಡಿತು. ಬದು ತಡವುತ್ತ ಹೋದರೆ ನೀರಿನ ಮಟ್ಟದ ಕೆಳಗೆ ಏಡಿ ಬಿಲ. ಪಡುವಲ ಕಡೆಯ ನೀರು ಅದರೊಳಗಿಂದ ಸದ್ದಿಲ್ಲದೆ ಈಚೆ ಬರುತ್ತಿತ್ತು. ಒಂದನ್ನು ಜೇಡಿ ತುಂಬಿ ತುಳಿದು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು. ಏಡಿಗೆ ಹೇಳಿ ಮಾಡಿಸಿದ ಮೆತ್ತನೆ ಹೊಸ ಬದು ಕಟ್ಟಿಕೊಟ್ಟವನು ನಾನೇ. ಬದುವಿನ ಮೇಲೆ ಕೂತುಬಿಟ್ಟೆ. ಆವತ್ತು ಮೇಡಂ ಬಂದಾಗ ಎದ್ದು ನಿಲ್ಲಲೂ ಇಲ್ಲ.

"ಮುಚ್ಬುಡಿ ಮೇಡಮ್ಮೋರೆ. ಏಡಿ ಕೂಟೆ ನಾನ್ ಗೆಲ್ಲಕ್ಕಾಗಕ್ಕಿಲ್ಲ," ಅಂದೆ.

ಅವರು ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದರು. ಹಸಿರು ಪಟ್ಟೆ ಎಲ್ಲಿಗೆ ನಿಂತಿದೆ ಅಂತ ಪೈರು ಸವರಿ ನೋಡಿ, ಅಲ್ಲಿಗೆ ಕಡ್ಡಿ ನೆಟ್ಟು, "ಇಲ್ಲೀವರೆಗೆ ನಮ್ಮದಲ್ಲ. ಇದರಾಚೆಗಿನದು ಇನ್ನೂ ಚೆನ್ನಾಗಿದೆ," ಅಂದರು. ತಾಕು ಅರ್ಧವಾಗಿದ್ದದ್ದು ಈಗ ಅರ್ಧಕ್ಕಿಂತ ಕಮ್ಮಿಯಾಯಿತು. ಮಾರನೇ ದಿನ ದಪ್ಪ ಪ್ಲಾಸ್ಟಿಕ್ ಹಾಳೆ ತಂದರು. ನಿಂತ ಪೈರಿನ ನಡುವೆ ಬದುವನ್ನು ಉದ್ದಕ್ಕೆ ಸೀಳಿ, ಮಂಡಿಯುದ್ದ ಕಂದಕ ತೋಡಿ, ಹಾಳೆಯನ್ನು ನಿಲ್ಲಿಸಿ ಮತ್ತೆ ಮಣ್ಣು ಗಿಡಿಯಬೇಕು. ತೋಡುತ್ತಿದ್ದ ಹಾಗೆ ನೀರು ಜಿನುಗಿ ಕಂದಕ ಕುಸಿಯುತ್ತಿತ್ತು. ಕುಸಿದದ್ದನ್ನು ಎತ್ತಿ ಮತ್ತೆ ತೋಡುವುದು. ಹಿರಿಯಾಳು, ಕಾವಲುಗಾರ, ನಾನು, ಮೂವರೂ ಆ ವಾರ ಕೆಸರಿನ ಬಣ್ಣವೇ ಆಗಿಹೋದೆವು. ರಾತ್ರಿ ಮುದ್ದೆ ಮುರಿಯಲು ಬೆರಳು ಬಗ್ಗುತ್ತಿರಲಿಲ್ಲ. ನನ್ನ ಹೆಂಡತಿ ಮುರಿದು ಸಾರಿಗೆ ಹಾಕಿ, "ನಮ್ ಗದ್ದೆ ಬದುಗೆ ಇಷ್ಟ್ ಗೇದಿದ್ರೆ ಬಂಗಾರ ಬೆಳೀತಿತ್ತು," ಅಂದಳು. ಸುಳ್ಳಲ್ಲ.

ಕುಯ್ಲಿನಲ್ಲಿ ಪಡುವಲ ಕಡೆಯ ಕಂತೆ ಎತ್ತಿದರೆ ಭಾರ ಕೈಗೇ ಗೊತ್ತಾಗುತ್ತಿತ್ತು. ಅದನ್ನೂ ಕಡ್ಡಿ ನೆಟ್ಟ ಹಸಿರು ಪಟ್ಟೆಯದನ್ನೂ ಬೇರೆ ಬಡಿದು, ಬೇರೆ ತೂರಿ, ಹುಲ್ಲನ್ನೂ ಬಿಡದೆ ಹೊರಗೆ ಸಾಗಿಸಿದೆವು. ಹುಲ್ಲಲ್ಲೇ ಪೊಟ್ಯಾಷ್ ಹೆಚ್ಚು ಹೋಗುವುದು, ಒಂದು ಎಳೆಯೂ ಒಳಗೆ ಕೊಳೆಯಬಾರದು ಅಂತ ಮೇಡಂ ಕಟ್ಟಪ್ಪಣೆ. ಬೇಸಿಗೆ ರಾಗಿಯಲ್ಲಿ ಪಡುವಲ ಅರ್ಧ ಶುರುವಿಗೆ ಹಸಿರಾಗಿದ್ದು, ತೆನೆ ಬರುವಷ್ಟರಲ್ಲಿ ಬುಡದ ಎಲೆ ಹಣ್ಣಾದವು. ಅದರ ಮುಂದಿನ ಭತ್ತದಲ್ಲಿ ರಸ್ತೆಯಿಂದ ನೋಡಿದರೆ ಗೆರೆ ಕಾಣಲಿಲ್ಲ. ಬದುವಿನ ಮೇಲೆ ನಿಂತು ಕಣ್ಣು ಕಿರಿದು ಮಾಡಿದರೆ ಮಾತ್ರ ಒಂದಿಷ್ಟು ವ್ಯತ್ಯಾಸ. ಮಣ್ಣಿನ ಪರೀಕ್ಷೆಯಲ್ಲಿ ಸಾರಜನಕ ಸರಿಹೋಗಿತ್ತು. ರಂಜಕ ಇನ್ನೂ ಸ್ವಲ್ಪ ಉಳಿದಿತ್ತು.

"ಇನ್ನೊಂದು ಬೆಳೆ ಮೇಸ್ತ್ರಿ," ಅಂದರು ಮೇಡಂ. ನಾನು ಸನಿಕೆ ತಗೊಂಡೆ.

ಮತ್ತೊಂದು ರಾಗಿ ಆಯಿತು. ಪಡುವಲದ್ದೂ ಮೂಡಲದ್ದೂ ಒಂದೇ ಬಣ್ಣ, ಒಂದೇ ಎತ್ತರ, ಅದೇ ಬಡಕಲು ತೆನೆ. ತೂಕ ಹಾಕಿ ನೋಡಿದರೆ ಯಾವುದು ಯಾವ ಕಡೆಯದು ಅಂತ ಚೀಟಿ ಓದದೆ ಹೇಳಲು ನನಗೂ ಆಗಲಿಲ್ಲ. ಏಡಿ ಕೆಡಿಸಿದ್ದ ಪಟ್ಟೆಯದೂ ಸೇರಿ ಮಣ್ಣೂ ಅದನ್ನೇ ಹೇಳಿತು. ಇಡೀ ಮಂದೆ ಕೊಟ್ಟದ್ದನ್ನು ಅಷ್ಟು ವರ್ಷ ಹಸಿದಿದ್ದ ನೆಲ ನಾಲ್ಕು ಬೆಳೆಯಲ್ಲಿ ತಿಂದು ಮುಗಿಸಿತ್ತು.

ನಾಲೆ ನೀರು ಬಿಟ್ಟ ಮೊದಲ ವಾರ ಮೇಡಂ ಫೋನ್ ಮಾಡಿ, "ಬದು ತೆಗೀರಿ," ಅಂದರು. ಹಿರಿಯಾಳು ಜೊತೆಗೆ ಬಂದಳು. ಹಾಳೆ ಕಿತ್ತು, ಕೆಂಪು ಮಣ್ಣನ್ನೆಲ್ಲ ಬಾಚಿ ಹೊರಕ್ಕೆ ಹೊತ್ತು ಹಾಕಿ, ನೆಲ ಸಮ ಮಾಡಿ ನೀರು ಬಿಟ್ಟೆವು. ನೀರು ಮೂಡಲ ಕಡೆ ತುಂಬಿ, ಬದು ಇದ್ದ ಜಾಗದಲ್ಲಿ ಒಂದು ಗಳಿಗೆ ತಡೆದು, ಪಡುವಲಕ್ಕೆ ಇಳಿಯಿತು.

"ಈಗ್ಲಾದ್ರೂ ಸಂತೋಸ್ವಾ ಮೇಸ್ತ್ರಣ್ಣ? ಅಸ್ರಾಗಿದ್ ಗದ್ದೇನ ಒಣುಗ್ಸಿ ಬಡ್ಕಲು ಮಾಡ್ದಲ್ಲ," ಅಂದಳು.

"ಊಂ ಕಣಮ್ಮ," ಅಂದೆ. ನಿಜಕ್ಕೂ ಸಂತೋಷವಾಗಿತ್ತು. ಬೇಸಾಯ ಮಾಡುವವನಿಗೆ ಬರಬಾರದ ಸಂತೋಷ ಅದು. ಅದಕ್ಕೇ ಇರಬೇಕು, ಅವಳ ಮುಖ ನೋಡಲಾಗದೆ ಬೇಲಿ ಕಡೆ ತಿರುಗಿದೆ.

ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಂತ ಮೇಲೆ ತಾಕಿನ ನೀರಿನ ಬಾಯಿ ಮುಚ್ಚಿದೆ. ಸನಿಕೆ ತೊಳೆದು ಹೆಗಲಿಗೆ ಹಾಕಿಕೊಂಡೆ. ಪಕ್ಕದ ತಾಕಿಗೆ ಅವತ್ತು ಕೊಟ್ಟಿಗೆ ಗೊಬ್ಬರ ಎರಚುವುದಿತ್ತು.